ನಮ್ಮ ಮನೆಗೆ ಬಂದ ಸೂಪರ್‌ವೈಸರ್

ಮದುವೆಯಾಗಿ ಇಪ್ಪತ್ತೊಂದು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ, ನನಗೆ ನೀರುಳ್ಳಿ ಹೆಚ್ಚಲು ಬರುವುದಿಲ್ಲ ಎಂಬುದನ್ನು ನಮ್ಮವರು ಕಂಡುಹಿಡಿದರು. ಅಲ್ಲಿಯವರೆಗೆ ಈ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ನನ್ನ ಕೈಯ ಬಿರಿಯಾನಿ ತಿಂದು, ಇನ್ನು ಯಾವಾಗ ಕರೆಯುತ್ತೀ ಎಂದು ಕೇಳಿ ಹೋದ ನೆಂಟರಿಷ್ಟರೆಲ್ಲ ಅಷ್ಟು ವರ್ಷ ತಪ್ಪಾಗಿ ಹೆಚ್ಚಿದ ನೀರುಳ್ಳಿಯನ್ನೇ ತಿಂದಿದ್ದರು, ಪಾಪ!

ಅವರು ನನ್ನ ಕೈಯಿಂದ ಚೂರಿ ತೆಗೆದುಕೊಂಡರು. ಒಂದು ನೀರುಳ್ಳಿಯನ್ನು ಎರಡು ಭಾಗ ಮಾಡಿ, ಬೇರಿನ ಕಡೆಯನ್ನು ಕೊನೆಗೆ ಉಳಿಸಿ, ಸಣ್ಣಗೆ ಹೆಚ್ಚಿ ತೋರಿಸಿದರು. ಆಮೇಲೆ ಚೂರಿಯನ್ನು ಹಿಡಿಯ ಕಡೆಯಿಂದ ನನಗೆ ವಾಪಸು ಕೊಟ್ಟು, "ಪರವಾಗಿಲ್ಲ, ಕಲಿಯಬಹುದು" ಎಂದರು.

ನಮ್ಮವರು ಇಪ್ಪತ್ತೆರಡು ವರ್ಷ ಶಾರ್ಜಾದಲ್ಲಿದ್ದರು. ಒಂದು ಕಂಪೆನಿಯ ಕೆಲಸಗಾರರ ಕ್ಯಾಂಪಿನಲ್ಲಿ ಮೆಸ್ಸಿನ ಸೂಪರ್‌ವೈಸರ್. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಆ ಎರಡು ತಿಂಗಳಲ್ಲಿ ಒಂದು ತಿಂಗಳು ನೆಂಟರ ಮನೆ, ಅರ್ಧ ತಿಂಗಳು ಮದುವೆ ಮನೆ, ಉಳಿದ ದಿನಗಳಲ್ಲಿ ಹೊರಡುವ ಪೆಟ್ಟಿಗೆ ಕಟ್ಟುವ ಕೆಲಸ. ನಾನು ನೀರುಳ್ಳಿ ಹೆಚ್ಚುವುದನ್ನು ನೋಡಲು ಅವರಿಗೆ ಪುರುಸೊತ್ತಾದರೂ ಎಲ್ಲಿತ್ತು? ಕಳೆದ ವರ್ಷ ಕಂಪೆನಿ ಆ ಕ್ಯಾಂಪನ್ನು ಮುಚ್ಚಿತು. ಇವರು ಮನೆಗೆ ಬಂದರು, ಇನ್ನು ಹೋಗಲಿಕ್ಕಿಲ್ಲ ಎಂದರು. ನಾನು ಸಂತೋಷದಿಂದ ಅತ್ತೆ. ಮೂರನೆಯ ವಾರದಲ್ಲಿ ನೀರುಳ್ಳಿಯ ಸಂಗತಿ ಬೆಳಕಿಗೆ ಬಂತು.

ಮುನ್ನೂರು ಜನರನ್ನು ನೋಡಿಕೊಳ್ಳುತ್ತಿದ್ದ ಮನುಷ್ಯನಿಗೆ ಈಗ ಇದ್ದದ್ದು ನಾವು ಮೂರೇ ಜನ: ಕಿವಿ ಸರಿಯಾಗಿ ಕೇಳದ ನನ್ನ ಅತ್ತೆ, ಪ್ಲಸ್ ಟು ಓದುವ ಮಗಳು, ಮತ್ತೆ ನಾನು. ಅತ್ತೆಗೆ ಹೇಳಿದರೆ ಕೇಳಿಸುವುದಿಲ್ಲ. ಮಗಳಿಗೆ ಕೇಳಿಸಿದರೂ ಅವಳು ಕೇಳುವುದಿಲ್ಲ. ಹಾಗಾಗಿ ಮುನ್ನೂರು ಜನರ ಪಾಲಿನ ಸುಧಾರಣೆಯೆಲ್ಲ ನನ್ನೊಬ್ಬಳ ತಲೆಯ ಮೇಲೆ ಬಿತ್ತು.

ಮೊದಲು ಬಂದವು ನೋಟೀಸುಗಳು. ಗ್ಯಾಸಿನ ಒಲೆಯ ಮೇಲಿನ ಗೋಡೆಯಲ್ಲಿ ಒಂದು, ಫ್ರಿಜ್ಜಿನ ಬಾಗಿಲಿನಲ್ಲಿ ಒಂದು, ಬಚ್ಚಲುಮನೆಯ ನಲ್ಲಿಯ ಹತ್ತಿರ ಪ್ಲಾಸ್ಟಿಕ್ ಹೊದೆಸಿದ್ದು ಒಂದು. ಎಲ್ಲವೂ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ, ಕೆಳಗೆ ಅವರ ಸಹಿಯ ಸಮೇತ. ಆಮೇಲೆ ಶುಕ್ರವಾರದ ಮೀಟಿಂಗು ಶುರುವಾಯಿತು. ಸಂಜೆ ಚಹಾದ ಹೊತ್ತಿಗೆ ಅವರು ಒಂದು ಪುಸ್ತಕ ಹಿಡಿದು ಕುರ್ಚಿಯಲ್ಲಿ ಕೂರುತ್ತಿದ್ದರು, ನಾವು ಎದುರಿಗೆ. ಮೊದಲ ಮೀಟಿಂಗಿನ ವಿಷಯ ಚಪ್ಪಲಿ. ಬಾಗಿಲಿನ ಹೊರಗೆ ಚಪ್ಪಲಿಗಳನ್ನು ಸಾಲಾಗಿ ಇಡಬೇಕೆಂದು ಅವರು ಹತ್ತು ನಿಮಿಷ ವಿವರಿಸಿದರು.

"ಎಂತ ಹೇಳ್ತಾನೆ ಇವ?" ಎಂದು ಅತ್ತೆ ನನ್ನನ್ನು ಕೇಳಿದರು.

"ಹೊರಗೆ ತುಂಬ ಚಪ್ಪಲಿ ಉಂಟಂತೆ," ಎಂದು ನಾನು ಅವರ ಕಿವಿಯ ಬಳಿ ಹೇಳಿದೆ.

"ಯಾರು ತೀರಿಕೊಂಡದ್ದು?" ಎಂದು ಅತ್ತೆ ಎದ್ದೇ ಬಿಟ್ಟರು.

ನೀವು ನಗುತ್ತೀರಿ. ನಾನೂ ಮೊದಮೊದಲು ನಕ್ಕೆ. ನಾಯ್ಮಾರ್ಮೂಲೆಯ ಹತ್ತಿರದ ಒಂದು ಅಂಗನವಾಡಿಯಲ್ಲಿ ನಾನು ಟೀಚರ್. ಮಕ್ಕಳಿಗೆ ಹೇಳಿಕೊಡಲು ಒಂದು ದನಿ ಇದೆ. ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ, ಕೊನೆಗೆ ಸ್ವಲ್ಪ ಮೇಲಕ್ಕೆ ಎತ್ತಿ ಹೇಳುವುದು. ಹದಿನಾಲ್ಕು ವರ್ಷದಿಂದ ಅದೇ ದನಿಯಿಂದ ಅನ್ನ ತಿಂದಿದ್ದೇನೆ. ಮನೆಗೆ ಬಂದರೆ ಅದೇ ದನಿ ನನಗೇ ಕಾದು ಕೂತಿರುತ್ತಿತ್ತು. ಕುಕ್ಕರಿಗೆ ಎಷ್ಟು ಸೀಟಿ, ಪಂಚಾಯತಿನ ಆಫೀಸಿನಲ್ಲಿ ಹೇಗೆ ಮಾತಾಡಬೇಕು, ಬ್ಯಾಂಕಿನಲ್ಲಿ ಯಾವ ಕಿಟಕಿಗೆ ಹೋಗಬೇಕು ಎಂದು ಅವರು ನನಗೆ ತಿಳಿಸಿ ಹೇಳುತ್ತಿದ್ದರು. ಈ ಮನೆ ಕಟ್ಟಿಸುವಾಗ ಅದೇ ಪಂಚಾಯತಿಗೆ ಚಪ್ಪಲಿ ಸವೆಯುವಷ್ಟು ನಡೆದವಳು ನಾನು. ಮಗಳನ್ನು ಹೆರಲು ಹೊರಟಾಗ ಆಟೋ ಕರೆದವಳು ನಾನು. ಆದರೆ ಹಾಗೆ ಹೇಳಿದರೆ ಅವರು ಮುಗುಳ್ನಕ್ಕು, "ಹೌದು ಹೌದು, ನಿನಗೆ ತಿಳಿದ ಹಾಗೆ ಮಾಡಿದ್ದಿ. ನಿನ್ನ ತಪ್ಪಲ್ಲ" ಎನ್ನುತ್ತಿದ್ದರು. ಬೈದರೆ ತಿರುಗಿ ಬೈಯಬಹುದು. ಕ್ಷಮಿಸುವವರನ್ನು ಎಂತ ಮಾಡುವುದು?

ಅಂದ ಹಾಗೆ, ಇದನ್ನೆಲ್ಲ ಬರೆಯಲು ಧೈರ್ಯ ಎಲ್ಲಿಂದ ಬಂತೆಂದರೆ, ನಮ್ಮವರು ಓದಿದ್ದು ಮಲಯಾಳಂ ಮಾಧ್ಯಮದಲ್ಲಿ. ಮನೆಯಲ್ಲಿ ನಾವು ಆಡುವುದು ಬ್ಯಾರಿ. ಕನ್ನಡ ಅವರು ಮಾತಾಡುತ್ತಾರೆ, ಓದಲಾರರು. ಇಲ್ಲದಿದ್ದರೆ ಈ ಪ್ರಬಂಧದ ಮೇಲೂ ಕೆಂಪು ಗೆರೆ ಬೀಳುತ್ತಿತ್ತು.

ನಗು ಯಾವಾಗ ನಿಂತಿತೆಂದು ನನಗೆ ಸರಿಯಾಗಿ ನೆನಪಿಲ್ಲ. ಒಂದು ದಿನ ಅಂಗನವಾಡಿಗೆ ಹೊರಟವಳು ಅರ್ಧ ದಾರಿಯಿಂದ ವಾಪಸು ಬಂದೆ, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು. ಆಫ್ ಆಗಿತ್ತು. ಮರುದಿನವೂ ಬಂದೆ. ಆಗಲೂ ಆಫ್ ಆಗಿತ್ತು. ಸಾರಿಗೆ ಉಪ್ಪು ಹಾಕಿ ರುಚಿ ನೋಡಿ, ಸಂಶಯವಾಗಿ ಮತ್ತೆ ನೋಡಿ, ಇನ್ನೊಂದು ಚಿಟಿಕೆ ಹಾಕಿ, ಆಮೇಲೆ ನೀರು ಸೇರಿಸಿ, ಆಮೇಲೆ ಮತ್ತೆ ಉಪ್ಪು ಹಾಕಿ, ಕೊನೆಗೆ ನಾಲ್ಕು ಜನರ ಸಾರು ಹದಿನಾಲ್ಕು ಜನರದ್ದಾಯಿತು. ಅವರ ಹೆಜ್ಜೆಯ ಸಪ್ಪಳ ಅಡುಗೆಮನೆಯ ಕಡೆ ಬಂದರೆ ಸಾಕು, ಸೌಟು ಕೈಯಿಂದ ಜಾರುತ್ತಿತ್ತು.

"ಉಮ್ಮ, ನೀವು ಮೊದಲು ಹೀಗಿರ್ಲಿಲ್ಲ," ಎಂದಳು ಮಗಳು. ತಮಾಷೆಗೆ ಹೇಳಿದ್ದಲ್ಲ. ನನ್ನನ್ನು ನೋಡಿ ಅವಳಿಗೆ ಹೆದರಿಕೆಯಾಗಿತ್ತು.

ಆಮೇಲೆ ಸ್ಕೂಟರಿನ ಸರದಿ. ಹತ್ತು ವರ್ಷದಿಂದ ನಾನು ಸ್ಕೂಟರ್ ಓಡಿಸುತ್ತೇನೆ. ನಮ್ಮವರು ಹಿಂದೆ ಕೂತು ಬರಲು ಶುರು ಮಾಡಿದ ಮೇಲೆ ಅದು ಎರಡು ತಲೆಯ ಸ್ಕೂಟರ್ ಆಯಿತು. ನಿಧಾನ, ಹಾರ್ನ್, ಎಡಕ್ಕೆ, ಇಷ್ಟು ಎಡಕ್ಕಲ್ಲ, ಹೊಂಡ, ನಾಯಿ, ಬ್ರೇಕ್. ನಾಯಿ ರಸ್ತೆಯ ಆಚೆ ಅಂಗಡಿಯ ಮೆಟ್ಟಿಲಿನಲ್ಲಿ ನಿದ್ದೆ ಮಾಡುತ್ತಿದ್ದರೂ ಅದರ ವಿಷಯ ನನಗೆ ಮುಂಚಿತವಾಗಿ ತಿಳಿಯುತ್ತಿತ್ತು. ಮಗಳು ಒಂದು ದಿನ ತಂದೆಯ ಎದುರಿಗೇ, ಉಪ್ಪನಿಗೆ ಸ್ಕೂಟರ್ ಬರುತ್ತದಾ ಎಂದು ಕೇಳಿದಳು. ಇಲ್ಲ. ಸ್ಕೂಟರ್ ಬಿಡಿ, ಅವರಿಗೆ ಸೈಕಲೂ ಸರಿಯಾಗಿ ಬರುವುದಿಲ್ಲ. "ಓಡಿಸುವುದು ಬೇರೆ, ಅದರ ರೀತಿ ತಿಳಿಯುವುದು ಬೇರೆ," ಎಂದು ಅವರು ಗಂಭೀರವಾಗಿ ಉತ್ತರಿಸಿದರು.

ಒಂದು ಭಾನುವಾರ ಬೂತಾಯಿ ಮೀನು ಕಟ್ಟಿಸಿಕೊಂಡು ನಾಯ್ಮಾರ್ಮೂಲೆಯಿಂದ ಬರುತ್ತಿದ್ದೆವು. ಹೊಸ ಹೆದ್ದಾರಿಯ ಪಕ್ಕದ ಸರ್ವಿಸ್ ರೋಡಿನಲ್ಲಿ ಎದುರಿನಿಂದ ಒಂದು ಟಿಪ್ಪರ್ ಬಂತು. ದಾರಿ ಸಾಕಷ್ಟಿತ್ತು, ನಾನು ಬದಿಗೆ ಸರಿಸುತ್ತಲೂ ಇದ್ದೆ. ಅಷ್ಟರಲ್ಲಿ ಕಿವಿಯ ಹತ್ತಿರ "ಬ್ರೇಕ್" ಎಂಬ ಮಾತು ಸಿಡಿಯಿತು. ನಾನು ಹಿಡಿದೆ. ಜಲ್ಲಿಯ ಮೇಲೆ ಗಾಲಿ ಜಾರಿತು. ನಾವಿಬ್ಬರೂ ಬಿದ್ದೆವು. ಅವರಿಗೆ ಏನೂ ಆಗಲಿಲ್ಲ, ನನ್ನ ಮೊಣಕಾಲು ತರಚಿತು, ಬೂತಾಯಿ ರಸ್ತೆಯ ಉದ್ದಕ್ಕೂ ಹರಡಿತು. ಜನ ಸೇರಿದರು. ಗುರುತಿನವರೇ, ನಮ್ಮ ಅಂಗನವಾಡಿಯ ಮಕ್ಕಳ ತಂದೆ ತಾಯಂದಿರೇ. ಒಬ್ಬರು ಸ್ಕೂಟರ್ ಎತ್ತಿದರು, ಒಬ್ಬರು ಮೀನು ಹೆಕ್ಕಿಕೊಟ್ಟರು. ನಮ್ಮವರು ಅಂಗಿ ಕೊಡವಿಕೊಂಡು, ನಾನು ಮಾಡಿದ ತಪ್ಪು ಯಾವುದು ಎಂದು ಅವರೆಲ್ಲರಿಗೂ ನಿಧಾನವಾಗಿ, ಬಿಡಿಸಿ ಬಿಡಿಸಿ ವಿವರಿಸಿದರು.

ಮರುದಿನದಿಂದ ನಾನು ಸ್ಕೂಟರ್ ಮುಟ್ಟಲಿಲ್ಲ. ಬೆಳಿಗ್ಗೆ ಒಮ್ಮೆ ಕೀ ಹಿಡಿದು ಹತ್ತಿರ ಹೋದೆ. ಸ್ಟಾರ್ಟ್ ಮಾಡದೆ ಕೀಯನ್ನು ತಂದು ಮೊಳೆಗೆ ನೇತುಹಾಕಿದೆ. ಬಸ್ಸಿನಲ್ಲಿ ಹೋಗುತ್ತೇನೆ ಎಂದೆ. "ಒಳ್ಳೆಯ ತೀರ್ಮಾನ," ಎಂದರು ಅವರು. ಆ ಮಾತು ಮೊಣಕಾಲಿಗಿಂತ ಹೆಚ್ಚು ಉರಿಯಿತು.

ಐದು ವಾರ ಬಸ್ಸಿನಲ್ಲಿ ಹೋದೆ. ಹೀಗೇ ಇದ್ದುಬಿಡುತ್ತಿದ್ದೆನೋ ಏನೋ. ಆದರೆ ಒಂದು ಶುಕ್ರವಾರ ಅಂಗನವಾಡಿಯಲ್ಲಿ, ನಾಲ್ಕು ವರ್ಷದ ಒಂದು ಹುಡುಗಿ ಮರದ ಬಿಲ್ಲೆಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ದೊಡ್ಡದನ್ನು ಸಣ್ಣದರ ಮೇಲೆ ಇಡಹೊರಟಳು. ಬೀಳುತ್ತದೆಂದು ನಾನು ಅವಳ ಕೈಯಿಂದ ಅದನ್ನು ತೆಗೆದುಕೊಂಡೆ, ನನ್ನ ಆ ನಿಧಾನದ ದನಿಯಲ್ಲಿ ಹೇಳಿಕೊಡಲು ಶುರು ಮಾಡಿದೆ. ಅವಳು ನನ್ನ ಮುಖ ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಗಲ್ಲ ಎತ್ತಿಕೊಂಡೇ ಇದ್ದಳು.

"ನನಗೆ ಗೊತ್ತುಂಟು, ಟೀಚರ್," ಎಂದಳು.

ನಾನು ಬಿಲ್ಲೆಯನ್ನು ಅವಳ ಕೈಗೆ ವಾಪಸು ಕೊಟ್ಟೆ. ಅವಳು ಅದನ್ನು ಸಣ್ಣದರ ಮೇಲೆಯೇ ಇಟ್ಟಳು. ಅದು ಬೀಳಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ಇಡೀ ದಾರಿ ಆ ಎರಡು ಮಾತನ್ನೇ ನಾನು ಬಾಯಿಯೊಳಗೆ ಹೇಳಿ ನೋಡುತ್ತಿದ್ದೆ. ನಾಲ್ಕು ವರ್ಷದವಳಿಗೆ ಬಂದದ್ದು ನಲವತ್ತೆರಡು ವರ್ಷದವಳಿಗೆ ಬರಬಾರದೇ?

ಸಂಜೆ ಮೀಟಿಂಗು ಶುರುವಾಯಿತು. ಅವತ್ತಿನ ವಿಷಯ ಒಗೆದ ಬಟ್ಟೆಗೆ ಕ್ಲಿಪ್ ಹಾಕುವ ಕ್ರಮ. ಅದು ಮುಗಿದ ಮೇಲೆ ಅವರು ಎಂದಿನಂತೆ, ಬೇರೆ ಏನಾದರೂ ಹೇಳಲಿಕ್ಕಿದೆಯೇ ಎಂದು ಕೇಳಿದರು. ಯಾರೂ ಯಾವತ್ತೂ ಹೇಳುತ್ತಿರಲಿಲ್ಲ. ಅವರು ಪುಸ್ತಕ ಮುಚ್ಚುತ್ತಿದ್ದರು.

"ನನಗೆ ಉಂಟು," ಎಂದೆ. "ನೀವು ಬರುವ ಮೊದಲು ನನಗೆ ಸ್ಕೂಟರ್ ಬರ್ತಿತ್ತು. ಈಗ ಬರುದಿಲ್ಲ. ಮೊದಲು ಉಪ್ಪು ಸರಿ ಆಗ್ತಿತ್ತು, ಈಗ ಆಗುದಿಲ್ಲ. ನೀವು ಹೇಳಿಕೊಟ್ಟ ಹಾಗೆಲ್ಲ ನನಗೆ ಗೊತ್ತಿದ್ದದ್ದು ಮರೀತಾ ಉಂಟು. ನನಗೆ ನಿಮ್ಮನ್ನು ಕಂಡರೆ ಹೆದರಿಕೆ ಆಗ್ತದೆ."

ಮಗಳು ಮೊಬೈಲಿನಿಂದ ತಲೆ ಎತ್ತಿದಳು. ಅತ್ತೆ ಕೂಡ ಏನೋ ಆಗಿದೆ ಎಂದು ತಿಳಿದು ಎಲ್ಲರ ಮುಖ ನೋಡಿದರು. ನಮ್ಮವರು ಅಭ್ಯಾಸಬಲದಿಂದ ಪುಸ್ತಕದಲ್ಲಿ ಬರೆಯಲು ಪೆನ್ನು ಊರಿದರು, ಎರಡು ಅಕ್ಷರ ಬರೆದರು, ನಿಲ್ಲಿಸಿದರು. ನಿನಗೆ ಬರುವುದಿಲ್ಲ ಎಂದು ಯಾರು ಹೇಳಿದ್ದು ಎಂದು ಮೆಲ್ಲಗೆ ಕೇಳಿದರು. ಅವರು ಎದ್ದು ಹೋದರು.

ಆಮೇಲಿನ ಒಂಬತ್ತು ದಿನ ಅವರು ಯಾವುದಕ್ಕೂ ಏನೂ ಹೇಳಲಿಲ್ಲ. ಇದು ಸುಖ ಎಂದು ತಿಳಿದಿರಾ? ಸಾರಿಗೆ ಉಪ್ಪು ಹೆಚ್ಚಾದರೂ ಸುಮ್ಮನೆ ಉಂಡರು. ಅವರ ಮೈಗೆ ಹುಷಾರಿಲ್ಲವೋ ಎಂದು ನನಗೆ ಹೊಸ ಹೆದರಿಕೆ ಹತ್ತಿತು. ಮುಂದಿನ ಶುಕ್ರವಾರ ಮೀಟಿಂಗೇ ಆಗಲಿಲ್ಲ. ಅತ್ತೆ ಮಾತ್ರ ಹೊತ್ತಿಗೆ ಸರಿಯಾಗಿ ಬಂದು ಕೂತು, ಇವತ್ತು ಮದ್ರಸಕ್ಕೆ ರಜೆಯಾ ಎಂದು ಕೇಳಿದರು.

ಭಾನುವಾರ ಬೆಳಿಗ್ಗೆ ಅವರು ಅಂಗಳದಲ್ಲಿ ನಿಂತು, ಕಾರಡ್ಕಕ್ಕೆ ಹೋಗಬೇಕಿತ್ತು ಎಂದರು. ಶಾರ್ಜಾದಲ್ಲಿ ಅವರ ಕೋಣೆಯಲ್ಲಿದ್ದ ಗೆಳೆಯರೊಬ್ಬರು ಅಲ್ಲಿದ್ದಾರೆ. ಬಸ್ಸು ಎಷ್ಟು ಗಂಟೆಗೆ ಎಂದು ನಾನು ಯೋಚಿಸುತ್ತಿದ್ದೆ.

"ಸ್ಕೂಟರಿನಲ್ಲಿ," ಎಂದರು ಅವರು. "ನಿನಗೆ ಆಗುದಾದರೆ."

ಕೀ ತಿರುಗಿಸುವ ಮೊದಲು ಕನ್ನಡಿಯನ್ನು ಎರಡೆರಡು ಸಲ ಸರಿಮಾಡಿಕೊಂಡೆ ಎಂದು ಒಪ್ಪಿಕೊಳ್ಳುತ್ತೇನೆ. ಚೆರ್ಕಳದವರೆಗೆ ಉಸಿರು ಬಿಗಿಹಿಡಿದೇ ಓಡಿಸಿದೆ. ಹಿಂದಿನಿಂದ ಒಂದು ಮಾತಿಲ್ಲ. ನಿಧಾನ ಇಲ್ಲ, ಹಾರ್ನ್ ಇಲ್ಲ. ಒಂದು ನಾಯಿ ನಿಜವಾಗಿಯೂ ಅಡ್ಡ ಬಂತು, ಆಗಲೂ ಇಲ್ಲ. ಆದರೆ ನನ್ನ ಭುಜದ ಮೇಲೆ ಅವರ ಕೈ ಇತ್ತು. ಬೋವಿಕ್ಕಾನದ ಹತ್ತಿರ ಎದುರಿನಿಂದ ಒಂದು ಲಾರಿ ಬಂದಾಗ ಆ ಕೈ ನನ್ನ ಭುಜವನ್ನು ಎಷ್ಟು ಗಟ್ಟಿಯಾಗಿ ಹಿಡಿಯಿತೆಂದರೆ ನೋವಾಯಿತು. ಲಾರಿ ದಾಟಿದ ಮೇಲೂ ಬಿಡಲಿಲ್ಲ.

ನಾನು ಒಂದು ಮರದ ಅಡಿಯಲ್ಲಿ ನಿಲ್ಲಿಸಿದೆ. ತಿರುಗಿ ನೋಡಿದರೆ ಅವರ ಹಣೆಯಲ್ಲಿ ಬೆವರು. ಎಂತ ಆಯಿತು ಎಂದೆ.

"ಎಂತ ಇಲ್ಲ," ಎಂದರು. ಕರ್ಚೀಫಿನಿಂದ ಹಣೆ ಒರೆಸಿಕೊಂಡರು. "ನನಗೆ ಹಿಂದೆ ಕೂರಲು ಹೆದರಿಕೆ. ಮೊದಲಿನಿಂದಲೂ."

ಹಾಗಾದರೆ ಮೊದಲೇ ಹೇಳಬಾರದಿತ್ತಾ ಎಂದು ಕೇಳಿದೆ.

"ಶಾರ್ಜಾಕ್ಕೆ ಹೋದ ಮೊದಲ ದಿನವೇ ಒಬ್ಬರು ಹೇಳಿಕೊಟ್ಟಿದ್ದರು," ಎಂದರು. "ಯಾರು ಎಂತ ಕೇಳಿದರೂ ಗೊತ್ತಿಲ್ಲ ಅಂತ ಮಾತ್ರ ಹೇಳಬೇಡ, ಹೆದರಿಕೆ ಅಂತ ಹೇಳಲೇಬೇಡ, ಮರುದಿನ ವಿಮಾನ ಹತ್ತಿಸ್ತಾರೆ ಅಂತ. ಇಪ್ಪತ್ತೆರಡು ವರ್ಷ ನಾನು ಹೇಳಲಿಲ್ಲ. ಈಗ ಬಾಯಿಗೆ ಬರುದಿಲ್ಲ."

ಇಷ್ಟಕ್ಕೆ ಅವರು ಬದಲಾಗಿಬಿಟ್ಟರು ಎಂದು ತಿಳಿಯಬೇಡಿ. ನಿನ್ನೆಯೂ ಅಕ್ಕಿ ತೊಳೆಯುವ ಬಗ್ಗೆ ಒಂದು ಮಾತು ಬಂತು. ನನಗೆ ಗೊತ್ತುಂಟು ಎಂದೆ. ಅವರು ಬಾಯಿ ತೆರೆದು, ಮುಚ್ಚಿ, ಹೊರಗೆ ಹೋದರು. ಒಂದೊಂದು ದಿನ ನನಗೆ ಹೇಳಲು ಧೈರ್ಯ ಸಾಲುವುದಿಲ್ಲ, ಒಂದೊಂದು ದಿನ ಅವರಿಗೆ ಬಾಯಿ ಮುಚ್ಚಲು ಆಗುವುದಿಲ್ಲ. ಹಾಗೆ ನಡೆಯುತ್ತಿದೆ.

ಆ ದಿನ ಮರದ ಅಡಿಯಿಂದ ಹೊರಡುವಾಗ ನಾನು, ಏನಾದರೂ ಮಾತಾಡಿ, ರಸ್ತೆಯ ವಿಷಯ ಒಂದು ಬಿಟ್ಟು ಬೇರೆ ಯಾವುದಾದರೂ ಮಾತಾಡಿ ಎಂದೆ. ಅವರು ತುಂಬ ಹೊತ್ತು ಯೋಚಿಸಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, ಮಗಳು ಹುಟ್ಟಿದ ದಿನದ ಕತೆ ಹೇಳಿದರು. ಫೋನಿನಲ್ಲಿ ಸುದ್ದಿ ಬಂದಾಗ ಕ್ಯಾಂಪಿನಲ್ಲಿ ಎಲ್ಲರೂ ಕೆಲಸಕ್ಕೆ ಹೋಗಿದ್ದರಂತೆ. ಹೇಳಲು ಒಬ್ಬರೂ ಇರಲಿಲ್ಲವಂತೆ. ಅಡುಗೆಮನೆಯ ಹಿಂದೆ ಒಂದು ಬೆಕ್ಕು ಮಲಗಿತ್ತಂತೆ, ಅದರ ಎದುರು ಕುಕ್ಕರಗಾಲಲ್ಲಿ ಕೂತು, ನನಗೆ ಮಗಳು ಹುಟ್ಟಿದಳು ಎಂದು ಹೇಳಿದರಂತೆ. ಹೇಳುತ್ತ ಹೇಳುತ್ತ ಅವರ ದನಿ ಹಗುರಾಯಿತು. ಬೆಕ್ಕಿನ ಬಣ್ಣ ಎಂತದ್ದು ಎಂದು ಕೇಳಿದೆ. ಅದಕ್ಕೊಂದು ಬೇರೆಯೇ ಕತೆ ಇತ್ತು.

ಕಾರಡ್ಕ ಬಂತು. ಗೆಳೆಯರ ಮನೆಗೆ ಹೋಗುವ ತಿರುವು ಬಂತು. ನಾನು ತಿರುಗಿಸಲಿಲ್ಲ, ಮುಳ್ಳೇರಿಯದ ಕಡೆಗೆ ನೇರ ಬಿಟ್ಟೆ. ಅವರ ಮಾತು ಇನ್ನೂ ಮುಗಿದಿರಲಿಲ್ಲ.