ವಾಯುವಿಹಾರ ಮತ್ತು ಹುರುಳಿ ಒಕ್ಕಣೆ

ನಿವೃತ್ತನಾದ ಮನುಷ್ಯನ ಕೈಗೆ ಖಾಲಿ ಜಾಗವನ್ನು ಕೊಡಬಾರದು. ಪುಸ್ತಕ ಕೊಡಿ, ಮೊಮ್ಮಕ್ಕಳನ್ನು ಕೊಡಿ, ಬೇಕಿದ್ದರೆ ಕೆಟ್ಟುಹೋದ ಗಡಿಯಾರ ಕೊಡಿ. ಹೇಗೋ ಕಾಲ ಕಳೆಯುತ್ತಾನೆ. ಜಾಗ ಕೊಟ್ಟಿರೋ, ಅದನ್ನು ತಿದ್ದಲು ಹೊರಡುತ್ತಾನೆ. ಆಮೇಲೆ ಸುತ್ತಲಿನವರಿಗೂ ಸುಖವಿಲ್ಲ, ಅವನಿಗೂ ಇಲ್ಲ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನಿಜ ಹೇಳಬೇಕೆಂದರೆ, ಹೇಳುವುದಕ್ಕೂ ಈಗ ಆಯಾಸ.

ನಾನು ಬೆಳೆದದ್ದು ವಿದ್ಯಾರ್ಥಿನಿಲಯದಲ್ಲಿ. ಅಲ್ಲಿ ಏಳಲು ಒಂದು ಗಂಟೆ, ಸ್ನಾನಕ್ಕೆ ಒಂದು ಗಂಟೆ, ಊಟಕ್ಕೆ ಒಂದು ಗಂಟೆ. ಹಸಿವಾಗಲಿ ಆಗದಿರಲಿ, ಗಂಟೆ ಬಾರಿಸಿದರೆ ಹಸಿವಾಗಬೇಕು. ಆಮೇಲೆ ಸೇರಿದ ಸರಕಾರಿ ಕಚೇರಿಯಲ್ಲಿ ನಿವೃತ್ತಿಯವರೆಗೂ ಕಟ್ಟಡಗಳ ನಕ್ಷೆ ಬರೆದೆ. ಅಲ್ಲಿಯೂ ಗೆರೆ ನೆಟ್ಟಗಿರಬೇಕು, ಮೂಲೆ ಮೂಲೆಗೆ ಕೂಡಬೇಕು. ಇಂಥವನಿಗೆ ಲೋಕವೆಲ್ಲ ಸ್ವಲ್ಪ ಸೊಟ್ಟಗೆ ಕಾಣುವುದು ಸಹಜ. ನನ್ನ ಹೆಂಡತಿ ಕಮಲೆ ಹಿತ್ತಿಲಿನಲ್ಲಿ ಕೊತ್ತಂಬರಿ ಬೀಜ ಚೆಲ್ಲಿದಾಗ ಸಾಲು ಹಿಡಿದು ಚೆಲ್ಲಬಾರದೇ ಎಂದು ಕೇಳಿದ್ದೆ. "ಸಾಲಾಗಿ ಬೆಳೆದ್ರೆ ಚಟ್ನಿ ರುಚಿ ಜಾಸ್ತಿ ಆಗತ್ತಾ?" ಎಂದಳು.

ನಾವಿದ್ದದ್ದು ಹೆಬ್ಬಾಳದ ಈಚೆ ಆಗತಾನೆ ಎದ್ದ ಬಡಾವಣೆಯಲ್ಲಿ. ದೀಪದ ಕಂಬಗಳು ಬಂದಿದ್ದವು, ದೀಪ ಬಂದಿರಲಿಲ್ಲ. ಕೆರೆಯ ಕಡೆಗೆ ಒಂದಿಷ್ಟು ಜಾಗ ಉಳಿದಿತ್ತು. ಅದನ್ನು ಸೈಟು ಮಾಡಿ ಹಂಚಬೇಕೆಂದು ಬಡಾವಣೆಯ ಸಂಘದಲ್ಲಿ ಬಹುಮಂದಿಯ ಅಭಿಪ್ರಾಯ. ನಾನೊಬ್ಬ ಎದ್ದು ನಿಂತು, ಮಕ್ಕಳಿಗೆ ಓಡಾಡಲು, ಗಿಡಮರ ನೋಡಿ ಕಲಿಯಲು ಒಂದು ಉದ್ಯಾನ ಬೇಡವೇ ಎಂದೆ. ಸಭೆಯಲ್ಲಿ ಎದ್ದು ನಿಂತವನಿಗೇ ಕೆಲಸ ಗಂಟುಬೀಳುತ್ತದೆ ಎಂಬುದು ಅಷ್ಟು ವರ್ಷ ಸರಕಾರಿ ಕಚೇರಿಯಲ್ಲಿದ್ದ ನನಗೆ ತಿಳಿದಿರಬೇಕಿತ್ತು. "ಹಾಗಾದ್ರೆ ನೀವೇ ಮಾಡಿ ತೋರಿಸಿ. ಸುಗ್ಗಿ ಹೊತ್ತಿಗೆ ಪಟ್ಟಣದಿಂದ ಎಂಜಿನಿಯರು ಬಂದು ನೋಡ್ತಾರೆ. ಜನ ಬಳಸ್ತಿದ್ರೆ ಪಾರ್ಕು, ಇಲ್ದಿದ್ರೆ ಸೈಟು," ಎಂದರು ಅಧ್ಯಕ್ಷರು.

ಮರುದಿನವೇ ಟೇಪು ಹಿಡಿದು ಹೊರಟೆ. ಜಾಗದ ನಡುವೆ ನನಗೊಂದು ಅದೃಷ್ಟ ಕಾದಿತ್ತು. ಯಾರೋ ಕೈವಾರ ಹಿಡಿದು ಬರೆದಂತೆ ದುಂಡಾದ, ಸಮತಟ್ಟಾದ, ಕಲ್ಲಿನಂತೆ ಗಟ್ಟಿಯಾದ ನೆಲ. ಒಂದು ಹುಲ್ಲುಕಡ್ಡಿಯೂ ಇಲ್ಲ. ಪ್ರಕೃತಿಯಲ್ಲೂ ಶಿಸ್ತಿದೆ ಎಂದು ನನಗೆ ಕಣ್ಣು ತುಂಬಿ ಬಂತು. ಈ ನೆಲ ಇಷ್ಟು ಶಿಸ್ತಾಗಿ ಯಾಕಿದೆ ಎಂದು ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ. ಅದರ ಅಂಚಿಗೆ ಕಲ್ಲು ನೆಡಿಸಿ ವಾಯುವಿಹಾರಕ್ಕೆ ಸುತ್ತುಹಾದಿ ಮಾಡಿದೆ. ಅಲ್ಲಿಂದ ಕೆರೆ ಏರಿಯವರೆಗೆ ಒಂದು ಕಾಲುದಾರಿ ಎಳೆಸಿ, ದಾರಿಯ ಮರಗಳಿಗೆಲ್ಲ ಮಕ್ಕಳು ಓದಿಕೊಳ್ಳಲೆಂದು ತಗಡಿನ ಫಲಕ ಕಟ್ಟಿದೆ. ಹೊಂಗೆ, ಬೇವು, ಜಾಲಿ ಎಂದು ನನ್ನದೇ ದುಂಡಕ್ಷರ. ವಾರ ಕಳೆಯುವುದರೊಳಗೆ ಬೇವಿನ ಫಲಕ ಮಾಯವಾಯಿತು. ಹುಡುಕಿಕೊಂಡು ಹೋದರೆ ಪಕ್ಕದ ಹಳ್ಳಿಯ ಮುನಿಯಮ್ಮನ ಕೋಳಿಗೂಡಿನ ಬಾಗಿಲಾಗಿತ್ತು. ಕೋಳಿಗಳಿಗೆ ಓದು ಬಾರದ್ದರಿಂದ ಅವುಗಳಿಗೇನೂ ಗೊಂದಲವಾದಂತಿರಲಿಲ್ಲ.

ಉದ್ಯಾನ ಸಿದ್ಧವಾಯಿತು, ಜನ ಬರಲಿಲ್ಲ. ಮನೆಮನೆಗೆ ಹೋಗಿ ಕರೆದೆ. "ಬಸ್ಸಿಗೆ ದಿನಾ ನಡೀತೀವಲ್ಲ ಸಾರ್, ಮತ್ತೆ ಬೇರೆ ನಡೀಬೇಕಾ?" ಎಂದರು ಎದುರುಮನೆಯವರು. ನ್ಯಾಯವಾದ ಮಾತು. ಕೊನೆಗೆ ಅಲ್ಲಿ ನಡೆಯುವವನು ನಾನೊಬ್ಬನೇ ಆದೆ. ಬೆಳಗಾಗುತ್ತಲೇ ಬೂಟು ಹಾಕಿ, ಮಫ್ಲರು ಸುತ್ತಿ, ಸುತ್ತು ಬರುತ್ತಿದ್ದೆ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಮುನಿಯಮ್ಮ ಒಂದು ದಿನ ತಡೆಯಲಾರದೆ ನಿಂತಳು.

"ಏನ್ ಸ್ವಾಮಿ, ಏನಾರ ಕಳ್ಕಂಡಿದ್ದೀರಾ?"

"ಇಲ್ಲಮ್ಮ. ನಡೀತಾ ಇದ್ದೀನಿ."

"ಎಲ್ಲಿಗೂ ಓಗ್ದೆ?"

"ಆರೋಗ್ಯಕ್ಕೆ."

ಅವಳು ಬಹಳ ಹೊತ್ತು ನನ್ನನ್ನೂ ನನ್ನ ಬೂಟನ್ನೂ ನೋಡಿದಳು. ಕನಿಕರದಿಂದ ನೋಡುತ್ತಿದ್ದಾಳೆ ಎಂದುಕೊಂಡೆ. ಆ ನೋಟ ದನದ ಸಂತೆಯಲ್ಲಿ ರಾಸು ನೋಡುವವರ ನೋಟವೆಂದು ಆಮೇಲೆ ತಿಳಿಯಿತು.

ಎಂಜಿನಿಯರು ಬರುವ ದಿನ ಬಂತು. ಜನ ಬಳಸುತ್ತಾರೆಂದು ತೋರಿಸಲು ಜನವೇ ಇಲ್ಲವಲ್ಲ! ಬಡಾವಣೆಯ ಶಾಲೆಯ ಟೀಚರಮ್ಮನನ್ನು ಗೋಗರೆದು, ಮಕ್ಕಳನ್ನು ಕರೆತರಲು ಒಪ್ಪಿಸಿದ್ದೆ. ಮಕ್ಕಳು ಇಬ್ಬಿಬ್ಬರಾಗಿ ಬರಬೇಕು, ಪ್ರತಿ ಮರದ ಮುಂದೆ ನಿಲ್ಲಬೇಕು, ಫಲಕ ಓದಬೇಕು, ಮುಂದೆ ಹೋಗಬೇಕು. ಎಲ್ಲವೂ ಗೊತ್ತುಪಡಿಸಿದಂತೆ. ನಾನು ಇಸ್ತ್ರಿ ಮಾಡಿದ ಕೋಟು ತೊಟ್ಟು ಬೆಳಗ್ಗೆಯೇ ಹೋಗಿ ನೋಡಿದೆ. ನನ್ನ ಸುತ್ತುಹಾದಿ ಕಾಣಲೇ ಇಲ್ಲ. ಅಂಚುಗಲ್ಲಿನಿಂದ ಅಂಚುಗಲ್ಲಿಗೆ ಮೊಣಕಾಲೆತ್ತರ ಒಣಗಿದ ಹುರುಳಿ ಬಳ್ಳಿ! ನಡುವೆ ಮುನಿಯಮ್ಮ ಕೋಲು ಹಿಡಿದು ನಿಂತಿದ್ದಾಳೆ.

"ಏನಮ್ಮ ಇದು? ತೆಗಿ, ತೆಗಿ! ಈಗ ಸಾಹೇಬರು ಬರ್ತಾರೆ!"

"ಎಲ್ಲಿಗ್ ತೆಗೀಲಿ ಸ್ವಾಮಿ? ಇದು ನಮ್ ಕಣ. ನಮ್ಮತ್ತೆ ಕಾಲ್ದಿಂದ ಇಲ್ಲೇ ಒಕ್ಕೋದು. ಸಗಣಿ ಆಕಿ ಆಕಿ ಇಂಗೆ ಮಾಡಿರೋದು. ನೀವ್ ಸುತ್ತ ಕಲ್ ನೆಡೋವಾಗ್ಲೇ ಅನ್ಕಂಡೆ, ಸ್ವಾಮೇರು ಒಳ್ಳೆ ಕೆಲ್ಸ ಮಾಡ್ತಾವ್ರೆ, ಇನ್ಮೇಲೆ ಕಾಳು ಆಚ್ಗೆ ಓಗಲ್ಲ ಅಂತ."

ಪ್ರಕೃತಿಯ ಶಿಸ್ತು ಎಂದು ನಾನು ಕಣ್ಣು ತುಂಬಿಕೊಂಡದ್ದು ಮುನಿಯಮ್ಮನ ಅತ್ತೆಯ ಸಗಣಿಗೆ. ನಾನು ಅಲ್ಲಿಯೇ ಕಲ್ಲಿನ ಮೇಲೆ ಕುಳಿತೆ.

"ಒಕ್ಕೋದಕ್ಕೆ ಎತ್ತೆಲ್ಲಮ್ಮ?" ಎಂದೆ.

"ಒಲ ಎಲ್ಲಾ ಸೈಟಾದ್ಮೇಲೆ ಎತ್ತಿಗೇನ್ ಕೆಲ್ಸ? ಮಾರ್ಬುಟ್ವಿ. ಉಳ್ದಿರೋ ಚೂರಲ್ಲಿ ಈ ಉಳ್ಳಿಕಾಳು ಚೆಲ್ಲಿದ್ದೆ. ಇದ್ನೂ ಒಕ್ಕಕ್ಕೆ ಜಾಗ ಇಲ್ಲ ಅಂದ್ರೆ ಆ ಚೂರ್ನೂ ಮಾರಾಕ್ಬೇಕು, ಅಷ್ಟೇಯ."

"ಮತ್ತೆ ತುಳಿಯೋರು ಯಾರು?"

"ನೀವಿದ್ದೀರಲ್ಲ ಸ್ವಾಮಿ! ಎಂಗಿದ್ರೂ ದಿನಾ ಸುಮ್ಕೆ ಸುತ್ತುತೀರ. ಬೂಟು ಬೇರೆ ಗಟ್ಟಿಯಾಗೈತೆ."

ಅಷ್ಟರಲ್ಲಿ ರಸ್ತೆಯಲ್ಲಿ ಜೀಪು ಕಾಣಿಸಿತು. ಅದರ ಹಿಂದೆ ಇಬ್ಬಿಬ್ಬರಾಗಿ ಕೈ ಹಿಡಿದು ಬರುತ್ತಿದ್ದ ಮಕ್ಕಳ ಸಾಲು. ಇನ್ನೇನು, ಜಾಗ ಸೈಟಾಯಿತು ಎಂದುಕೊಂಡೆ. ಮಕ್ಕಳು ಅಂಚುಗಲ್ಲಿನವರೆಗೆ ಸಾಲಾಗಿಯೇ ಬಂದರು. ಹುರುಳಿ ಬಳ್ಳಿಯ ಮೆತ್ತೆ ಕಂಡದ್ದೇ ತಡ, ಸಾಲು ಒಡೆಯಿತು. ಒಬ್ಬ ಹಾರಿ ಅದರ ಮೇಲೆ ಬಿದ್ದ. ಅವನ ಮೇಲೆ ಇನ್ನೊಬ್ಬ. ಮರುಕ್ಷಣ ಇಡೀ ಶಾಲೆಯೇ ಕಣದೊಳಗಿತ್ತು. "ಇಳೀರೋ! ಯೂನಿಫಾರಂ ಕೊಳೆಯಾಗತ್ತೆ!" ಎಂದು ಟೀಚರಮ್ಮ ಕೂಗಿದರು. ಮುನಿಯಮ್ಮ ಅವರಿಗಿಂತ ಗಟ್ಟಿಯಾಗಿ, "ಕುಣೀರ್ಲಾ! ಅಂಗೆ! ಆ ಮೂಲೇಲೂ ಕುಣೀರ್ಲಾ!" ಎಂದಳು. ಮಕ್ಕಳಿಗೆ ಯಾರ ಮಾತು ಹಿಡಿಸಿತೆಂದು ಬೇರೆ ಹೇಳಬೇಕಿಲ್ಲ. ಒಂದು ಪುಟ್ಟ ಹುಡುಗಿ ಒಡೆದ ಕಾಯಿಯೊಂದನ್ನು ಹಿಡಿದು ಬಂದು, "ತಾತಾ, ಹುರುಳಿ ಇದರೊಳಗಿರತ್ತಾ? ಅಂಗಡೀಲಿ ಇರಲ್ವಾ?" ಎಂದು ಕೇಳಿದಳು. ಅಷ್ಟೆಲ್ಲ ಫಲಕ ಬರೆದಿದ್ದೆ, ಒಂದರ ಬಗ್ಗೆಯೂ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ.

ಎಂಜಿನಿಯರು ಮಿತಭಾಷಿ. ಸುತ್ತಲೂ ಒಮ್ಮೆ ನಡೆದು ನೋಡಿದರು. ಆಮೇಲೆ ನನ್ನತ್ತ ತಿರುಗಿ, "ಇದೂ ನಿಮ್ಮ ಯೋಜನೇಲಿತ್ತೇನ್ರೀ?" ಎಂದರು.

ಇಲ್ಲ ಎನ್ನಲು ನಾನು ಬಾಯಿ ತೆರೆದೆ. ಮುನಿಯಮ್ಮ ನಡುವೆ ನುಗ್ಗಿದಳು. "ಎಲ್ಲಾ ಇವ್ರದ್ದೇ ಬುದ್ವಂತ್ಕೆ! ಮಿಕ್ಕೋರೆಲ್ಲ ಮನೆ ಕಟ್ತೀವಿ ಅಂದ್ರು, ಇವ್ರೊಬ್ರೇ ಕಣ ಉಳಿಸ್ಕೊಟ್ರು."

ನಾನು ಬಾಯಿ ಮುಚ್ಚಿದೆ. ಎಂಜಿನಿಯರು ತಲೆದೂಗಿ, ಸುಗ್ಗಿಯಲ್ಲಿ ಕಣವಾಗಿ, ಉಳಿದ ಕಾಲ ಉದ್ಯಾನವಾಗಿ ಜಾಗ ಹೀಗೇ ಇರಲಿ ಎಂದರು. ಮಕ್ಕಳನ್ನು ವರ್ಷವರ್ಷವೂ ಕರೆತನ್ನಿ ಎಂದು ಟೀಚರಮ್ಮನಿಗೆ ಹೇಳಿ, "ನೀವೇ ಮೇಲ್ವಿಚಾರಣೆ ನೋಡ್ಕೊಳ್ಳಿ" ಎಂದು ನನಗೆ ಕೈಮುಗಿದು ಜೀಪು ಹತ್ತಿದರು. ಒಂದು ಮರದ ಫಲಕವನ್ನೂ ಅವರು ಓದಲಿಲ್ಲ.

ಪಾಠದ ಹೊತ್ತಾಯಿತೆಂದು ಮಕ್ಕಳೂ ಹೊರಟುಹೋದರು. ಕಣದಲ್ಲಿ ಉಳಿದವರು ಮುನಿಯಮ್ಮ ಮತ್ತು ನಾನು. ಅವಳು ನನ್ನ ಬೂಟು ನೋಡಿದಳು. ಕೋಟು ಬಿಚ್ಚಿ ಕಲ್ಲಿನ ಮೇಲಿಟ್ಟು ನಡೆಯತೊಡಗಿದೆ. ಸುಮ್ಮನೆ ನಡೆದಿದ್ದರೆ ಚೆನ್ನಾಗಿತ್ತು. ಮೇಲ್ವಿಚಾರಕನಾಗಿದ್ದೆನಲ್ಲ! ಬರುವ ವರ್ಷ ಬಳ್ಳಿ ಹೇಗೆ ಹರಡಬೇಕು, ಯಾವ ಕಡೆಯಿಂದ ತರಬೇಕು, ಹೊಟ್ಟು ಎಲ್ಲಿ ಹಾಕಬೇಕು, ಯಾವ ವಾರ ಯಾರ ಸರದಿ ಎಂದು ಸುತ್ತು ಸುತ್ತಿಗೂ ವಿವರಿಸುತ್ತಾ ಹೋದೆ. ತೆರೆದ ಬಾಯಿಗೆ ಹೊಟ್ಟು ಹೊಕ್ಕು ಕೆಮ್ಮು ಬಂದರೂ ಬಿಡಲಿಲ್ಲ.

ಕಾಫಿ ತಂದ ಕಮಲೆ ಕಲ್ಲಿನ ಬಳಿ ನಿಂತು ಇದನ್ನೆಲ್ಲ ಕೇಳುತ್ತಿದ್ದಳಂತೆ. ನನಗೆ ಕಾಣಲಿಲ್ಲ.

"ಮುನಿಯಮ್ಮಾ, ಒಕ್ಕೋವಾಗ ಬಾಯಿ ಹಾಕಬಾರದು ಅಂತ ಎತ್ತಿನ ಮೂತಿಗೊಂದು ಬುಟ್ಟಿ ಕಟ್ತೀರಲ್ಲ, ಬಾಯಿಕುಕ್ಕೆ, ಅದೊಂದಿದ್ರೆ ಕೊಡು. ಇವರಿಗೆ ಕಟ್ಟೋಣ," ಎಂದಳು ಕಮಲೆ.

ಮುನಿಯಮ್ಮ ನಗಲಿಲ್ಲ. ನಿಜವಾಗಿಯೂ ಯೋಚಿಸಿದಳು.

"ಎತ್ತಿನ ಜೊತೇಲೇ ಕೊಟ್ಬುಟ್ಟೆ ಕಣ್ರವ್ವಾ," ಎಂದಳು. "ಇದ್ದಿದ್ರೆ ಕೊಡ್ತಿದ್ದೆ."

ನಾನು ಮಾತು ನಿಲ್ಲಿಸಿ ಮುಂದಿನ ಸುತ್ತಿಗೆ ಹೊರಟೆ. ಕಾಳು ಇನ್ನೂ ಅರ್ಧಕ್ಕರ್ಧ ಕಾಯಿಯೊಳಗೇ ಇತ್ತು.