ನನ್ನ ರಕ್ತ ಇಳಿದ ಕತೆ

ವೈದ್ಯಶಾಸ್ತ್ರದ ಮೇಲೆ ನನಗೆ ಅಪಾರ ಗೌರವ. ಗೊತ್ತಿಲ್ಲ ಎಂಬ ಮಾತನ್ನು ಅಷ್ಟು ಗಂಭೀರವಾಗಿ ಹೇಳಬಲ್ಲ ಶಾಸ್ತ್ರ ಇನ್ನೊಂದಿಲ್ಲ. ಜ್ವರ ಬಿಟ್ಟು ಎಷ್ಟೋ ದಿನವಾದರೂ ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ, ಕೀಲು ನೋಯುತ್ತದೆ ಎಂದು ನಮ್ಮ ರಾಜಾಜಿನಗರದ ಡಾಕ್ಟರ ಮುಂದೆ ನಿಂತೆ. ಅವರು ನನ್ನನ್ನು ಪೇಟೆಯ ಲ್ಯಾಬೊರೇಟರಿಗೆ ಅಟ್ಟಿದರು. ಅಲ್ಲಿ ಇ.ಎಸ್.ಆರ್. ಎಂಬ ಪರೀಕ್ಷೆ. ತೋಳಿನಿಂದ ರಕ್ತ ಎಳೆದು, ಸಣ್ಣ ಗಾಜಿನ ಕೊಳವೆಯಲ್ಲಿ ನಿಲ್ಲಿಸಿ, ಕೆಂಪು ಭಾಗ ಒಂದು ಗಂಟೆಯಲ್ಲಿ ಎಷ್ಟು ಕೆಳಗಿಳಿಯಿತು ಎಂದು ಅಳೆಯುತ್ತಾರೆ. ನಮ್ಮ ಆಫೀಸಿನಲ್ಲಿ ಯಾವ ಫೈಲೂ ಆ ವೇಗದಲ್ಲಿ ಮೇಜಿನಿಂದ ಕೆಳಗಿಳಿದಿಲ್ಲ. ರಿಪೋರ್ಟು ನೋಡಿದ ಡಾಕ್ಟರು, ರಕ್ತ ಬೇಗ ಇಳಿಯುತ್ತಿದೆ, ಒಳಗೆಲ್ಲೋ ಏನೋ ಇದೆ, ಸೋಂಕೋ ಊತವೋ ಇದರಿಂದ ಹೇಳಲಾಗದು ಎಂದರು. ಏನೋ ಇದೆ ಎಂದು ಮೊದಲು ಅವರಿಗೆ ಹೇಳಿದ್ದು ನಾನೇ. ಅದನ್ನೇ ನನಗೆ ಮರಳಿಸಲು ಒಂದು ಸಿರಿಂಜು ರಕ್ತ ಬೇಕಾಯಿತು.

ಮನೆಯಲ್ಲಿ ಇದನ್ನು ಕನ್ನಡದಲ್ಲಿ ವಿವರಿಸಿದ್ದು ತಪ್ಪಾಯಿತು. ರಕ್ತ ಬೇಗ ಇಳಿಯುತ್ತಿದೆಯಂತೆ ಎಂದೆ. ಆ ಸುದ್ದಿ ಹೇಗೋ ಕೆಂಗೇರಿ ಮುಟ್ಟಿ, ನನ್ನನ್ನು ಸಾಕಿ ಬೆಳೆಸಿದ ಸೋದರತ್ತೆ ಗಂಟುಮೂಟೆ ಸಮೇತ ಬಂದಿಳಿದರು. ಹುಡುಗನ ಮೈಯಲ್ಲಿ ರಕ್ತ ಇಳಿದುಹೋಗುತ್ತಿದ್ದರೆ ಹೆಂಡತಿ ಏನು ಮಾಡುತ್ತಿದ್ದಳು ಎಂಬುದು ಅವರ ಮೊದಲ ಪ್ರಶ್ನೆ. ಹುಡುಗನಿಗೆ, ಅಂದರೆ ನನಗೆ, ಆಗಲೇ ತಲೆ ಅರ್ಧ ಬೋಳಾಗಿತ್ತು. ಅಡುಗೆಮನೆ ಅತ್ತೆಯ ವಶವಾಯಿತು. ಬೀಟ್‌ರೂಟು ಪಲ್ಯ, ಬೀಟ್‌ರೂಟು ಸಾರು, ಅದು ಸಾಲದೆಂದು ಕೆಂಪು ದಂಟಿನ ಸೊಪ್ಪು. ಕೆಂಪಗಿರುವುದೆಲ್ಲ ರಕ್ತವಾಗುತ್ತದೆ ಎಂಬುದು ಅವರ ಶಾಸ್ತ್ರ; ಅನುಮಾನಕ್ಕೆ ಅಲ್ಲಿ ಜಾಗವಿರಲಿಲ್ಲ. ನನ್ನ ಹೆಂಡತಿ ಸರೋಜಾ ತನ್ನ ಮನೆಯಲ್ಲೇ ನೆಂಟಳಾದಳು. ಒಂದು ದಿನ ನನ್ನನ್ನು ಹಿತ್ತಲಿಗೆ ಕರೆದು, "ನಿಮ್ಮತ್ತೆ ಊರಿಗೆ ಹೋಗ್ಬೇಕು, ಇಲ್ಲಾಂದ್ರೆ ನಾನು ಅಮ್ಮನ ಮನೆಗೆ ಹೋಗ್ತೀನಿ. ಇಬ್ರಲ್ಲಿ ಒಬ್ರು ಕಣ್ರೀ" ಎಂದಳು. ಅವಳು ಸುಮ್ಮನೆ ಹೆದರಿಸುವವಳಲ್ಲ; ನನಗೆ ನಿಜವಾಗಿ ಭಯವಾಯಿತು. ಅತ್ತೆಯೋ, ರಕ್ತ ಏರುವವರೆಗೆ ಅಲುಗಾಡುವುದಿಲ್ಲ ಎಂದು ಕೂತಿದ್ದರು.

ಔಷಧಿಯಿಂದಲೋ ಬೀಟ್‌ರೂಟಿನ ಹೆದರಿಕೆಯಿಂದಲೋ ಕೀಲುನೋವು ಮಾಯವಾಯಿತು. ಮತ್ತೆ ಪರೀಕ್ಷೆ. ಡಾಕ್ಟರು ಬೆನ್ನು ತಟ್ಟಿ, ಚೆನ್ನಾಗಿ ಇಳಿದಿದೆ ಎಂದರು. ಇಳಿದಿದ್ದು ಅಂಕಿ. ಜ್ವರ ಇಳಿದರೆ ಒಳ್ಳೆಯದು, ರಕ್ತ ಬೇಗ ಇಳಿದರೆ ಕೆಟ್ಟದ್ದು, ರಕ್ತ ಇಳಿಯುವ ಅಂಕಿ ಇಳಿದರೆ ಮತ್ತೆ ಒಳ್ಳೆಯದು. ಇದನ್ನು ಅತ್ತೆಗೆ ತಿಳಿಹೇಳುವುದಕ್ಕಿಂತ ಸುಳ್ಳು ಹೇಳುವುದು ಸುಲಭ ಎಂದು ದಾರಿಯಲ್ಲೇ ತೀರ್ಮಾನಿಸಿದೆ. ಮನೆಗೆ ಬಂದವನೇ, ರಕ್ತ ಏರಿದೆ ಎಂದು ಸಾರಿದೆ. ಸರೋಜಾಳ ಮುಖ ಅರಳಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನನ್ನ ಕೈಯಡುಗೆ ಕಣೋ ಅದು. ಈಗ ಬಿಟ್ಟು ಹೋದ್ರೆ ಮತ್ತೆ ಇಳಿದ್ಬಿಡುತ್ತೆ. ಯುಗಾದಿವರ್ಗೂ ಇದ್ದೇ ಹೋಗ್ತೀನಿ."

ಸರೋಜಾ ಒಳಗೆ ಹೋಗಿ ಪೆಟ್ಟಿಗೆಗೆ ಸೀರೆ ತುಂಬಿದಳು. ಸಂಜೆ ಅವಳನ್ನು ತವರಿನ ಬಸ್ಸು ಹತ್ತಿಸಿ ಬಂದು ಊಟಕ್ಕೆ ಕೂತೆ. ಅತ್ತೆ ಬೀಟ್‌ರೂಟಿನ ಸಾರನ್ನು ಧಾರಾಳವಾಗಿ ಸುರಿದರು. ಅದರಿಂದಲೇ ರಕ್ತ ಏರಿಸಿಕೊಂಡವನು ಬೇಡ ಎನ್ನುವುದಾದರೂ ಹೇಗೆ?