ಮಾವನವರ ಮುಖಕ್ಕೆ ಬಣ್ಣ

ಇಷ್ಟಕ್ಕೆಲ್ಲ ಕಾರಣ ಕಂಪ್ಯೂಟರ್ ಅಳಿಯನ ಬಾಯಿಂದ ಜಾರಿದ ಒಂದೇ ಒಂದು ಮಾತು. ತೀರಿಕೊಂಡ ಮಾವನವರ ಕಲ್ಲಿನ ಪ್ರತಿಮೆಯನ್ನು ಈಜುಕೊಳದ ಬಾಗಿಲಲ್ಲಿ ನಿಲ್ಲಿಸಬೇಕೆಂದು ಅವರ ಹತ್ತಿರ ಈಜು ಕಲಿತ ಶಿಷ್ಯರೆಲ್ಲ ಸೇರಿ ತೀರ್ಮಾನಿಸಿದ್ದರು. ಈಗ ಕಲ್ಲು ಕೆತ್ತುವುದು ಯಂತ್ರ, ಅದಕ್ಕೆ ಕಂಪ್ಯೂಟರಿನಲ್ಲಿ ತಯಾರಿಸಿದ ತಲೆ ಬೇಕಂತೆ ಎಂದು ಯಾರೋ ಅಂದರು. "ಅದೇನು ಮಹಾ, ನಾನೇ ಮಾಡಿಕೊಡ್ತೀನಿ" ಅಂದುಬಿಟ್ಟ ಅಳಿಯ.

ಹನ್ನೆರಡು ವರ್ಷದಿಂದ ಅವನು ಜಾಹೀರಾತು ಸ್ಟುಡಿಯೋ ಒಂದರಲ್ಲಿ ತ್ರೀಡಿ ಸೋಪು, ತ್ರೀಡಿ ಶಾಂಪೂ ಬಾಟಲಿಗಳನ್ನು ಮಾಡುತ್ತಿದ್ದ. ಅತ್ತೆಯ ಪ್ರಕಾರ ಅದು ಕೆಲಸವೇ ಅಲ್ಲ. ಯಾರಾದರೂ ವಿಚಾರಿಸಿದರೆ "ನಮ್ಮ ಅಳಿಯಂದಿರು ದಿನವಿಡೀ ಪರದೆ ನೋಡ್ತಾರೆ" ಎಂದು ನಿಟ್ಟುಸಿರು ಬಿಡುತ್ತಿದ್ದರು. ಈ ತಲೆಯೊಂದು ಸರಿಯಾಗಿ ಬಂದರೆ ಆ ನಿಟ್ಟುಸಿರು ನಿಂತೀತು ಎಂಬುದು ಅವನ ಆಸೆ. ಗಡುವಿನ ದಿನ ಸಂಜೆ ಐದರೊಳಗೆ ಫೈಲ್ ಆ ಯಂತ್ರದ ಶಿಲ್ಪಿಗೆ ತಲುಪಬೇಕಿತ್ತು. ಅವನು ರಜೆ ಹಾಕಿ, ಲ್ಯಾಪ್‌ಟಾಪ್ ಹೊತ್ತುಕೊಂಡು, ಹಳೆಯ ಆಲ್ಬಮ್ ಅಲ್ಲೇ ಇದೆಯೆಂದು ಬೆಳಿಗ್ಗೆಯೇ ಹೆಂಡತಿಯೊಡನೆ ಅತ್ತೆಯ ಮನೆಗೆ ಬಂದು ಕೂತ. ಎರಡನೆಯ ತಪ್ಪು ಅದು.

ತಲೆಯ ಆಕಾರ ಆಗಲೇ ಸಿದ್ಧವಿತ್ತು. ಪರದೆಯ ಮೇಲೆ ಬೂದು ಬಣ್ಣದ, ಒಣಗಿದ ಜೇಡಿಮಣ್ಣಿನಂಥ ತಲೆಯೊಂದು ಮೆಲ್ಲಗೆ ತಿರುಗುತ್ತಿತ್ತು. ಅತ್ತೆ ಕನ್ನಡಕ ಏರಿಸಿ ನೋಡಿ, "ಇದ್ಯಾರು?" ಅಂದರು.

ಅಳಿಯ ಸಮಾಧಾನವಾಗಿ ವಿವರಿಸಿದ. ಇದಕ್ಕೆ ಇನ್ನೂ ಟೆಕ್ಸ್ಚರ್ ಹಾಕಿಲ್ಲ, ಅಂದರೆ ಚರ್ಮ ಹೊದಿಸಿಲ್ಲ. ಫೋಟೋದಲ್ಲಿರುವ ಮುಖವನ್ನು ದಿಂಬಿಗೆ ಕವರ್ ತೊಡಿಸಿದ ಹಾಗೆ ಇದರ ಮೇಲೆ ಎಳೆದರೆ ಆಯ್ತು, ಮಾವ ಕಣ್ಣೆದುರಿಗೆ ಬರುತ್ತಾರೆ. ಹಾಗಂದು ಎಳೆದೂ ಬಿಟ್ಟ. ದಿಂಬಿನ ಕವರ್ ಹಿಂದುಮುಂದಾಯಿತು. ಮಾವನ ಕಣ್ಣೆರಡೂ ತಲೆಯ ಹಿಂಭಾಗದಲ್ಲಿ ಬಿಟ್ಟುಕೊಂಡವು, ಬಾಯಿ ಊದಿದ ಬಲೂನಿನ ಮೇಲಿನ ಚಿತ್ರದ ಹಾಗೆ ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಹಿಗ್ಗಿತು.

ಅತ್ತೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ, "ನನಗೆ ಬೆನ್ನ ಹಿಂದೆಯೂ ಕಣ್ಣಿದೆ ಅಂತ ಇವರು ಶಿಷ್ಯರನ್ನ ಹೆದರಿಸ್ತಿದ್ದರು, ನಿಜ. ಹಾಗಂತ ಕಲ್ಲಲ್ಲಿ ಕೆತ್ತಿಸೋದು ಬೇಡ" ಅಂದರು.

ಕಣ್ಣು ಮುಂದಕ್ಕೆ ಬರುವಷ್ಟರಲ್ಲಿ ಹನ್ನೊಂದಾಯಿತು. ಅಷ್ಟರಲ್ಲಿ ಮಾವನ ಅಕ್ಕ, ಮನೆಯವರೆಲ್ಲರ ಸೋದರತ್ತೆ, ಸುದ್ದಿ ತಿಳಿದು ಬಂದಿಳಿದರು. ಬಾಗಿಲಿಂದಲೇ ಪರದೆ ನೋಡಿ, ನಮ್ಮ ತಮ್ಮ ಹುಟ್ಟಿದಾಗ ಬೆಣ್ಣೆಯ ಹಾಗಿದ್ದ, ಇದೇನು ಈ ಮಸಿ ಎಂದು ತಕರಾರು ತೆಗೆದರು. ಹುಟ್ಟಿದಾಗ ಹೇಗಿದ್ದರೋ ತನಗೆ ತಿಳಿಯದು, ತಾನು ಮದುವೆಯಾದ ಮನುಷ್ಯ ಮಾತ್ರ ಕೊಳದ ದಡದಲ್ಲಿ ಬಿಸಿಲು ಕಾದು ಕಾದು ಹೀಗೇ ಇದ್ದದ್ದು ಎಂದು ಅತ್ತೆ ಪಟ್ಟು ಹಿಡಿದರು. ಅಳಿಯ ಬಣ್ಣವನ್ನು ಒಂದು ಗೆರೆ ಬಿಳಿ ಮಾಡಿದರೆ ಒಬ್ಬರು ಮುಖ ತಿರುಗಿಸುತ್ತಿದ್ದರು, ಒಂದು ಗೆರೆ ಕಪ್ಪು ಮಾಡಿದರೆ ಇನ್ನೊಬ್ಬರು.

ಕೆಲಸ ಬೇಗ ಮುಗಿಯಲೆಂದು ಅವನು, ಅರ್ಧ ಮುಖಕ್ಕೆ ಹಚ್ಚಿದ ಬಣ್ಣ ಇನ್ನರ್ಧಕ್ಕೂ ತಾನಾಗಿ ಹತ್ತಿಕೊಳ್ಳುವ ಉಪಾಯ ಮಾಡಿದ. ಮಾವನ ಎರಡು ಕೆನ್ನೆಗೂ ಒಂದೊಂದು ಮಚ್ಚೆ ಬಂತು. ಎಡಗಡೆಯದು ಸರಿ, ಬಲಗಡೆಯದು ಅಳಿಸಿ ಎಂದರು ಅತ್ತೆ. ಬಲಗಡೆಯದೇ ಸರಿ, ತಾನು ಎತ್ತಿ ಆಡಿಸಿದ ಮಗು, ಎಡಗಡೆಯದು ಅಳಿಸಬೇಕು ಎಂದರು ಸೋದರತ್ತೆ. ಆಲ್ಬಮ್ ತೆರೆದರು. ಫೋಟೋ ಸ್ಟುಡಿಯೋದವನು ಒಂದನ್ನು ಎಡಬಲ ತಿರುಗಿಸಿ ಮುದ್ರಿಸಿದ್ದರಿಂದ ಇಬ್ಬರಿಗೂ ಸಾಕ್ಷಿ ಸಿಕ್ಕಿತು.

ಮಧ್ಯಾಹ್ನ ಭಾವಮೈದ ಬಂದು, "ಭಾವ, ಮೀಸೆ ಎಲ್ಲಿ?" ಎಂದು ಕೇಳಿದ. ಮೀಸೆ ಹಚ್ಚಿದರೆ, ಕೊನೆಯ ಎರಡು ವರ್ಷ ಬೋಳಿಸಿದ್ದರಲ್ಲ ಎಂದು ಅವನೇ ನೆನಪು ಮಾಡಿಕೊಂಡ. ಮಾವನ ಶಿಷ್ಯರೇ ಆದ ಪಕ್ಕದ ಮನೆಯ ದಂತವೈದ್ಯರು ಊಟ ಮುಗಿಸಿ ಅಭಿಪ್ರಾಯ ಕೊಡಲು ಬಂದರು. ತಲೆಯನ್ನು ಮೇಲಕ್ಕೆ ತಿರುಗಿಸಿ ಮೂಗಿನ ಹೊಳ್ಳೆ ತೋರಿಸಿ ಅಂದರು. ಯಾಕೆಂದು ಅಳಿಯ ಕೇಳಿದ. "ನಾನು ಮೇಷ್ಟ್ರನ್ನ ನೋಡಿದ್ದೆಲ್ಲ ನೀರಿನ ಒಳಗಿಂದಾನೇ. ಆ ಕಡೆಯಿಂದಾದ್ರೆ ಗುರುತು ಹಿಡೀತೀನಿ" ಅಂದರು.

ಅಳಿಯ ಅಡುಗೆಮನೆಗೆ ಹೋಗಿ ಹೆಂಡತಿಯ ಮುಂದೆ ಗೋಳು ತೋಡಿಕೊಂಡ. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸದೆ, "ಒಪ್ಪಿಕೊಂಡಿದ್ದು ಯಾರು?" ಎಂದು ಮಾತ್ರ ಕೇಳಿದಳು. ಅವನು ತಣ್ಣೀರು ಕುಡಿದು ವಾಪಸ್ಸು ಬಂದ.

ಆಮೇಲೆ ಅವನಿಗೆ ಒಂದು ಥರ ಹಟ ಹುಟ್ಟಿತು. ಯಾರ ಮಾತೂ ಕಿವಿಗೆ ಹಾಕಿಕೊಳ್ಳದೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮಾಡಿ ಮಾವನಿಗೆ ಬಿದ್ದಿದ್ದ ಸುಕ್ಕುಗಳನ್ನು ಒಂದೊಂದಾಗಿ ಬರೆದ. ಮೂಗಿನ ತುದಿಯ ಕಂದು, ನರೆತ ಹುಬ್ಬು, ಅರೆನರೆತ ಮೀಸೆ, ಬಹುಮತದಿಂದ ಎಡಗೆನ್ನೆಗೆ ಒಂದು ಮಚ್ಚೆ. ಐದಕ್ಕೆ ಕಾಲು ಗಂಟೆ ಇರುವಾಗ ತಲೆಯನ್ನು ಮೆಲ್ಲಗೆ ಈ ಕಡೆ ತಿರುಗಿಸಿದ.

ದಂತವೈದ್ಯರು ತಮಗೇ ಗೊತ್ತಿಲ್ಲದೆ ನೆಟ್ಟಗೆ ನಿಂತರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೌದು, ಇವರೇ" ಅಂದರು. ಸೋದರತ್ತೆಯೂ ಮೂಗೊರೆಸಿಕೊಂಡು, ಇನ್ನು ತಾನು ಹೊರಡುವುದಾಗಿ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ಮಾತಿಗೆ ನಿಂತರು. "ದೊಡ್ಡ ಕೆಲಸ ಮಾಡಿದ್ರಿ, ಅಳಿಯಂದಿರೇ" ಎಂದು ಅತ್ತೆ ಅಂದಾಗ, ಹನ್ನೆರಡು ವರ್ಷದ ಸೋಪು ಶಾಂಪೂಗಳೆಲ್ಲ ಸಾರ್ಥಕವಾದವು ಎನ್ನಿಸಿತು ಅವನಿಗೆ. ಫೈಲ್ ಕಳಿಸಿದ.

ಹತ್ತು ನಿಮಿಷಕ್ಕೆ ಶಿಲ್ಪಿಯ ಫೋನ್ ಬಂತು. ಅಳಿಯ ಅಂಗಳಕ್ಕೆ ಹೋಗಿ ಕಿವಿಗಿಟ್ಟುಕೊಂಡ.

"ಸಾರ್, ಮುಖ ಕಳಿಸಲಿಲ್ಲವಲ್ಲ?"

ಕಳಿಸಿದ್ದೇನೆ, ಮೀಸೆ ಮಚ್ಚೆ ಎಲ್ಲ ಇದೆ, ಸರಿಯಾಗಿ ನೋಡಿ ಎಂದ ಅಳಿಯ.

"ಅದೆಲ್ಲ ಬರೀ ಬಣ್ಣ ಸಾರ್. ನನ್ನ ಯಂತ್ರಕ್ಕೆ ಬಣ್ಣ ಕಾಣಲ್ಲ, ಉಬ್ಬು ತಗ್ಗು ಮಾತ್ರ ಕಾಣೋದು. ಕೆತ್ತೋದು ಕರಿಕಲ್ಲಲ್ಲಿ. ಇಲ್ಲಿ ಸುಕ್ಕೂ ಇಲ್ಲ, ಮೀಸೆಯೂ ಇಲ್ಲ, ಮೊಟ್ಟೆ ಇದ್ದ ಹಾಗಿದೆ."

ಅಳಿಯ ಅಂಗಳದ ಕಟ್ಟೆಯ ಮೇಲೆ ಕುಕ್ಕರಿಸಿದ. ಪರದೆಯ ಮೇಲೆ ಸೋಪಿಗೆ ಹೊಳಪು ಬಳಿದೇ ಕಾಲ ಕಳೆದವನಿಗೆ, ಕಲ್ಲಿಗೆ ಬಣ್ಣ ಬೇಡವೆಂಬುದು ಹೊಳೆದೇ ಇರಲಿಲ್ಲ.

ಶಿಲ್ಪಿ ದನಿ ತಗ್ಗಿಸಿದರು. "ಇನ್ನೊಂದು ವಿಷ್ಯ ಸಾರ್. ಈ ತಲೆ ನನಗೆ ಗೊತ್ತು. ಆ ಸಾಫ್ಟ್‌ವೇರ್ ಜೊತೆ ಪುಕ್ಕಟೆ ಬರೋ ತಲೆ ತಾನೇ? ಈ ವರ್ಷ ಇದನ್ನೇ ಮೂರು ಜನಕ್ಕೆ ಕೆತ್ತಿದ್ದೀನಿ. ನಾಳೆ ಮಧ್ಯಾಹ್ನದವರೆಗೂ ಕಾಯ್ತೀನಿ, ನಿಮ್ಮ ಮಾವನ ತಲೆ ಕಳಿಸಿ."

ಫೋನ್ ಇಟ್ಟು ಅವನು ಒಳಗೆ ಬಂದ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಶಿಲ್ಪಿ ಏನಂದರೆಂದು ಅತ್ತೆ ಕೇಳಿದರು. ಸುಳ್ಳು ಹೇಳಲು ಅವನಿಗೆ ನಾಲಿಗೆ ಹೊರಳಲಿಲ್ಲ.

"ಈ ಮುಖ ಮೊದಲೇ ನೋಡಿದ್ದೀನಿ ಅಂದ್ರು" ಎಂದ.

"ನೋಡಿರ್ತಾರೆ ಮತ್ತೆ" ಎಂದರು ಅತ್ತೆ, ಹೆಮ್ಮೆಯಿಂದ. "ಇವರ ಹತ್ರ ಈಜು ಕಲಿಯದೇ ಇರೋರು ಈ ಊರಲ್ಲಿ ಯಾರಿದ್ದಾರೆ?"

ಒಂದು ಚೂರು ತಿದ್ದುವುದು ಉಳಿದಿದೆಯೆಂದು ಅವನು ಹೇಗೋ ಬಾಯಿಬಿಟ್ಟ.

"ನಿಧಾನವಾಗಿ ತಿದ್ದಿ" ಎಂದು ಅತ್ತೆ ತಮ್ಮ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡರು. "ನಾವೆಲ್ಲ ಇಲ್ಲೇ ಇರ್ತೀವಿ."

ಬಾಗಿಲಲ್ಲಿ ಸೋದರತ್ತೆ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದರು.